ಟೇಬಲ್ಲನ್ನ ಹೊಸದು ಮಾಡ್ಬೇಡಿ, ಸರಿ ಮಾಡಿ

(1/8)

ಹಳೇ ತೇಗದ ಟೇಬಲ್ಲಿಗೆ ಮೆಷಿನ್ ಹಿಡಿದು ಉಜ್ಜಿ, ಬಿಳಿ ಪೇಂಟ್ ಹೊಡೆದು, ಡ್ರಾಯರಿಗೆ ಗೋಲ್ಡ್ ಕಲರ್ ಹಿಡಿ ಹಾಕಿ 'ಬಿಫೋರ್, ಆಫ್ಟರ್' ಅಂತ ತೋರಿಸ್ತಾರಲ್ಲ, ಆ ರೀಲಿಗೆ ಲೈಕ್ ಒತ್ತಿದವರೆಲ್ಲ ಒಂದ್ನಿಮಿಷ ಇಲ್ಲಿ ಬನ್ನಿ. ನಾನೂ ಅಂಥವನ್ನ ನೋಡ್ತೀನಿ. ನೋಡೋಕೆ ಮಜಾ ಇರುತ್ತೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನನ್ನ ಪ್ರಕಾರ ಅದು ರಿಪೇರಿ ಅಲ್ಲ. ಟೇಬಲ್ಲಿನ ವಯಸ್ಸನ್ನೆಲ್ಲ ಹುಡಿ ಮಾಡಿ ಗುಡಿಸಿ ಹಾಕಿ, ಉಳಿದ ಮರಕ್ಕೆ ಅಂಗಡಿ ಬಣ್ಣ ಬಳಿಯೋ ಕೆಲಸ.

ಈ ಸರಣಿ ಯಾರಿಗೆ ಅಂದ್ರೆ, ಮನೆಯ ಅಟ್ಟದಲ್ಲೋ, ತಾರಸಿ ಮೇಲಿನ ಶೀಟಿನ ಕೆಳಗೋ, ಊರಿನ ಕೊಟ್ಟಿಗೆಯಲ್ಲೋ ಒಂದು ಹಳೇ ಮರದ ಟೇಬಲ್ ಬಿದ್ದಿದೆ, ರಜದಲ್ಲಿ ಏನಾದ್ರೂ ಕೈಕೆಲಸ ಮಾಡ್ಬೇಕು ಅಂತ ಅನ್ನಿಸ್ತಿದೆ ಅನ್ನೋರಿಗೆ. ದುಡ್ಡು ಜಾಸ್ತಿ ಬೇಡ, ಮೆಷಿನ್ ಬೇಡವೇ ಬೇಡ. ಬೇಕಾಗಿರೋದು ತಾಳ್ಮೆ ಮತ್ತು ಒಂದಷ್ಟು ಹಳೇ ಬಟ್ಟೆ. ನಾನು ಹೇಳೋದು ಇಷ್ಟೇ: ಎಷ್ಟು ಕಮ್ಮಿ ಮಾಡೋಕೆ ಸಾಧ್ಯವೋ ಅಷ್ಟು ಕಮ್ಮಿ ಮಾಡಿ. ಯಾಕೆ ಅಂತ ಮುಂದಿನ ಪೋಸ್ಟುಗಳಲ್ಲಿ.

(2/8)

ಮೊದ್ಲು ನಮ್ಮ ಬಿಕಾಂ ಲೆಕ್ಕ. ನಗಬೇಡಿ.

ಕಂಪನಿ ಕಾಯ್ದೆ 2013ರ ಎರಡನೇ ಶೆಡ್ಯೂಲ್ ಪ್ರಕಾರ ಪೀಠೋಪಕರಣದ ಆಯಸ್ಸು ಸಾಮಾನ್ಯವಾಗಿ 10 ವರ್ಷ. ಇನ್ಕಮ್ ಟ್ಯಾಕ್ಸಲ್ಲಿ ಫರ್ನಿಚರ್‌ಗೆ ಡಿಪ್ರಿಸಿಯೇಷನ್ 10%, ಅದೂ ರಿಟನ್ ಡೌನ್ ವ್ಯಾಲ್ಯೂ ಮೇಲೆ. ಕ್ಯಾಲ್ಕುಲೇಟರ್ ತಗೊಂಡು ನೋಡಿ: ಸಾವಿರ ರೂಪಾಯಿಯ ಟೇಬಲ್ಲು 40 ವರ್ಷ ಆದ್ಮೇಲೆ ಪುಸ್ತಕದಲ್ಲಿ ಹತ್ತಿರ ಹತ್ತಿರ 15 ರೂಪಾಯಿ. ಸೊನ್ನೆ ಮಾತ್ರ ಯಾವತ್ತೂ ಆಗಲ್ಲ. ಆ ಮೆಥಡ್‌ನಲ್ಲಿ ನಂಗೆ ಇಷ್ಟವಾಗೋ ವಿಷಯ ಅದೊಂದೇ.

ನಮ್ಮ ಮನೆ ಟೇಬಲ್ಲಿಗೆ 40 ವರ್ಷದ ಮೇಲಾಗಿದೆ. ನಮ್ಮಜ್ಜ ಟೈಲರ್, ಅವರ ಕಟಿಂಗ್ ಟೇಬಲ್ ಅದು. ಕಳೆದ ವರ್ಷ ಮನೆ ಬದಲಾಯಿಸೋವಾಗ ಮಾವ ಗುಜರಿಯವನನ್ನ ಕರೆಸಿಯೇ ಬಿಟ್ಟಿದ್ರು. ಆತ ಕಾಲೊಂದನ್ನ ಅಲ್ಲಾಡಿಸಿ, ಮೇಲೆ ಒಂದು ಸಲ ಗುದ್ದಿ, 600 ರೂಪಾಯಿ ಅಂದ. ಸ್ಕ್ರ್ಯಾಪ್ ವ್ಯಾಲ್ಯೂ ಅಂದ್ರೆ ಏನು ಅಂತ ನಂಗೆ ಅವತ್ತು ಸರಿಯಾಗಿ ಅರ್ಥವಾಯ್ತು. ಅಜ್ಜಿ ಜಗಳ ಆಡ್ಲಿಲ್ಲ. "ನಿಮ್ಮಮ್ಮನ ಕಾಲೇಜು ಫೀಸು ಪೂರ್ತಿ ಇದ್ರ ಮೇಲೇ ಕತ್ತರಿಸಿದ್ದು ಕಣೇ" ಅಂತ ನನ್ನ ಹತ್ರ ಹೇಳಿ ಒಳಗೆ ಹೋದ್ರು. ಟೇಬಲ್ಲು ನಮ್ಮ ಜೊತೆ ಹೊಸ ಮನೆಗೆ ಬಂತು.

ಇನ್ನೊಂದು ಕಡೆ, ಕ್ಲಾಸಲ್ಲಿ ಎಷ್ಟು ಜನ ಇಎಂಐಯಲ್ಲಿ ಸ್ಟಡಿ ಟೇಬಲ್ ತರಿಸಿಕೊಂಡಿಲ್ಲ ಹೇಳಿ. ಅದರೊಳಗೆ ಇರೋದು ಮರದ ಹುಡಿ ಮತ್ತು ಅಂಟು, ಮೇಲೊಂದು ಮರದ ಫೋಟೋ. ಒಂದ್ಸಲ ನೀರು ಕುಡಿದ್ರೆ ಅಂಚು ಪೂರಿ ಥರ ಉಬ್ಬುತ್ತೆ. ಸ್ಕ್ರೂ ಒಮ್ಮೆ ಕಿತ್ತು ಬಂದ್ರೆ ಅದೇ ತೂತಲ್ಲಿ ಮತ್ತೆ ಬಿಗಿ ಕೂರಲ್ಲ. ಅದನ್ನ ರಿಪೇರಿ ಮಾಡೋ ಆಸೆ ಇದ್ರೂ ಮಾಡೋದು ಕಷ್ಟ. ಘನ ಮರದ ಟೇಬಲ್ಲು ಹಾಗಲ್ಲ, ಮುಂದೊಂದು ದಿನ ಯಾರಾದ್ರೂ ಬಿಚ್ಚಿ ಸರಿ ಮಾಡ್ತಾರೆ ಅನ್ನೋ ಲೆಕ್ಕದಲ್ಲೇ ಅದನ್ನ ಕಟ್ಟಿರ್ತಾರೆ.

(3/8)

ಈಗ ನಿಮ್ಮ ಟೇಬಲ್ ಹತ್ರ ಹೋಗಿ. ಮೇಲ್ಗಡೆ ನೋಡ್ಬೇಡಿ, ಅಲ್ಲಿ ಎಲ್ಲಾ ಟೇಬಲ್ಲೂ ಒಂದೇ ಥರ ಕಾಣುತ್ತೆ. ಮೊಬೈಲ್ ಟಾರ್ಚ್ ಹಾಕ್ಕೊಂಡು ಅಡಿಗೆ ತೂರಿ, ಮಲಗಿಕೊಂಡು ನೋಡಿ. ಅಡಿಯಲ್ಲಿ ಪಾಲಿಶ್ ಇರಲ್ಲ, ಮರ ತನ್ನ ನಿಜವಾದ ಬಣ್ಣದಲ್ಲಿ ಇರುತ್ತೆ. ಜೇಡರ ಬಲೆ ಇರುತ್ತೆ, ಅದಕ್ಕೆ ನಾನು ಜವಾಬ್ದಾರಿ ಅಲ್ಲ.

ಆಮೇಲೆ ಅಂಚು. ಮೇಲಿನ ಎಳೆಗಳು ಹಲಗೆಯ ತುದಿಗೆ ಬಂದಾಗ ಮುಂದುವರೆದು, ಕಡಿದ ಮರದ ಮುಖದ ಥರ ಕಾಣ್ತಿದ್ರೆ ಅದು ಘನ ಮರ. ತುದಿಯಲ್ಲಿ ಪದರ ಪದರ ಕಂಡ್ರೆ ಪ್ಲೈವುಡ್, ಮೇಲೆ ತೆಳ್ಳನೆಯ ವೆನೀರ್ ಅಂಟಿಸಿರ್ತಾರೆ. ಈ ವೆನೀರ್ ಎಷ್ಟೋ ಸಲ ಅರ್ಧ ಮಿಲಿಮೀಟರ್ ದಪ್ಪ ಕೂಡ ಇರಲ್ಲ. ರೀಲ್ ನೋಡಿ ಬಾಡಿಗೆಗೆ ಸ್ಯಾಂಡಿಂಗ್ ಮೆಷಿನ್ ತಂದವರು ಇದರ ಮೇಲೆ ಓಡಿಸಿದ್ರೆ ಒಂದೆರಡು ನಿಮಿಷದಲ್ಲಿ ಒಳಗಿನ ಬಿಳಿ ಪ್ಲೈ ಹಲ್ಲು ಕಿಸಿಯುತ್ತೆ. ಅದಕ್ಕೆ ಮದ್ದಿಲ್ಲ.

ಯಾವ ಮರ ಅಂತ ತಿಳ್ಕೊಳ್ಳೋಕೆ ನಮ್ಮ ಕಡೆ ಹೆಚ್ಚಾಗಿ ಸಿಗೋದು ನಾಲ್ಕೈದು. ತೇಗ ಜೇನು ಬಣ್ಣದಿಂದ ಕಂದು, ಮುಟ್ಟಿದ್ರೆ ಸ್ವಲ್ಪ ಎಣ್ಣೆ ಎಣ್ಣೆ. ಬೀಟೆ ಕಪ್ಪು ನೇರಳೆ ಛಾಯೆ, ಎತ್ತೋಕೆ ಹೋದ್ರೆ ಸೊಂಟ ಹೇಳುತ್ತೆ. ಹಲಸು ಹೊಸದರಲ್ಲಿ ಹಳದಿ, ವರ್ಷ ಕಳೆದ ಹಾಗೆ ಕೆಂಪು ಕಂದು. ಹೊನ್ನೆ, ಮತ್ತಿ ಕೂಡ ಸಿಗುತ್ತೆ. ಗೊತ್ತಾಗ್ಲಿಲ್ವಾ? ಹತ್ತಿರದ ಆಚಾರ್ರನ್ನ ಕರ್ಕೊಂಡು ಬನ್ನಿ, ಒಂದು ಕಾಫಿಗೆ ಹೇಳಿಬಿಡ್ತಾರೆ.

ಮೈಸೂರಿನವರಿಗೆ ಒಂದು ಎಚ್ಚರಿಕೆ. ಬೀಟೆ ಮರದಲ್ಲಿ ಆನೆ, ಹೂಬಳ್ಳಿ ಕೂರಿಸಿದ ಕುಸುರಿ ಇರೋ ಟೇಬಲ್ ನಿಮ್ಮ ಮನೇಲಿ ಇದ್ರೆ ಅದನ್ನ ಉಜ್ಜೋ ಮಾತೇ ಇಲ್ಲ. ಒಣ ಬಟ್ಟೇಲಿ ಧೂಳು ಒರೆಸಿ, ಆ ಕೆಲಸ ಗೊತ್ತಿರೋರಿಗೆ ತೋರಿಸಿ. ಅದು ಕಲಿಯೋಕೆ ಹಿಡಿಯೋ ಟೇಬಲ್ ಅಲ್ಲ.

(4/8)

ತೊಳೆಯೋದು. ಅಷ್ಟೇ ಈ ಪೋಸ್ಟು.

ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಲಿಕ್ವಿಡ್ ನಾಲ್ಕು ಹನಿ, ಹಳೇ ಬನಿಯನ್ ಬಟ್ಟೆ. ಬಟ್ಟೆಯನ್ನ ಚೆನ್ನಾಗಿ ಹಿಂಡಿ, ಒರೆಸಿ, ತಕ್ಷಣ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ. ನೀರು ನಿಲ್ಲಬಾರದು. ಅಡುಗೆ ಮನೆಯ ಜಿಡ್ಡಿದ್ರೆ ಟರ್ಪೆಂಟೈನ್ ಹಚ್ಚಿದ ಬಟ್ಟೆ, ಕಿಟಕಿ ಬಾಗಿಲು ತೆಗೆದಿಟ್ಟು.

ಬಟ್ಟೆ ಎಷ್ಟು ಕಪ್ಪಾಗುತ್ತೆ ಅಂತ ನೋಡಿ ನಿಮಗೇ ಗಾಬರಿ ಆಗುತ್ತೆ. (ಫೋಟೋ 4, ಸ್ವೈಪ್ ಮಾಡಿ. ಅದು ಬಿಳಿ ಬನಿಯನ್ ಆಗಿತ್ತು.) "ಪಾಲಿಶ್ ಹೋಗಿದೆ, ಕಪ್ಪಾಗಿದೆ" ಅಂತ ನಾವು ಅಂದ್ಕೊಂಡಿರೋದು ಬಹಳ ಸಲ ಪಾಲಿಶ್ ಅಲ್ಲ, ಅದರ ಮೇಲೆ ಕೂತಿರೋ ಕೈಜಿಡ್ಡು, ಧೂಳು, ಅಗರಬತ್ತಿ ಹೊಗೆ. ತೊಳೆದ ಮೇಲೆ ಎರಡು ದಿನ ಹಾಗೇ ಬಿಡಿ. ಎರಡು ದಿನ ಆದ್ಮೇಲೆ ನೋಡಿ, ಇನ್ನೇನಾದ್ರೂ ಮಾಡೋ ಅಗತ್ಯ ಇದೆಯಾ ಅಂತ. ನನ್ನ ಮಟ್ಟಿಗೆ ಅರ್ಧ ಕೆಲಸ ಅಲ್ಲೇ ಮುಗಿದಿತ್ತು.

ಬಿಸಿ ಲೋಟದ ಬಿಳಿ ಉಂಗುರ ಕಂಡ್ರೆ ಹೆದರಬೇಡಿ, ತೇವ ಸಿಕ್ಕಿಕೊಂಡಿರೋದು ಮೇಲಿನ ಪಾಲಿಶ್ ಒಳಗೆ, ಮರಕ್ಕೇನೂ ಆಗಿಲ್ಲ. ಕಪ್ಪು ಉಂಗುರ ಆದ್ರೆ ಮಾತ್ರ ನೀರು ಮರದವರೆಗೆ ಇಳಿದು, ಕಬ್ಬಿಣದ ಜೊತೆ ಸೇರಿ ಕಲೆಯಾಗಿದೆ ಅಂತ. ಅದನ್ನ ತೆಗೆಯೋ ಕೆಮಿಕಲ್ ವಿಷ, ಶುರು ಮಾಡೋರು ಅದರ ತಂಟೆಗೆ ಹೋಗ್ಬೇಡಿ. ಇರಲಿ ಬಿಡಿ.

(5/8)

ನನ್ನ ವಾದದ ಮುಖ್ಯ ಸಾಕ್ಷಿ ಈ ಪೋಸ್ಟಲ್ಲಿದೆ, ಸ್ವಲ್ಪ ಉದ್ದ ಇದೆ, ತಡ್ಕೊಳ್ಳಿ.

ಟೇಬಲ್ಲಿನ ಕಾಣದ ಜಾಗದಲ್ಲಿ, ಉದಾಹರಣೆಗೆ ಕಾಲಿನ ಒಳಮೈಯಲ್ಲಿ, ಹತ್ತಿಗೆ ಪಾಲಿಶ್ ಸ್ಪಿರಿಟ್ ಹಚ್ಚಿ ಒಂದು ನಿಮಿಷ ಒತ್ತಿ ಹಿಡಿರಿ. ಪಾಲಿಶ್ ಅಂಟಂಟಾಗಿ ಹತ್ತಿಗೆ ಬಂದ್ರೆ ಅದು ಅರಗು. ಬರದಿದ್ರೆ ಥಿನ್ನರಲ್ಲಿ ಹಾಗೇ ನೋಡಿ, ಕರಗಿದ್ರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ರೆ ವಾರ್ನಿಶ್ ಅಥವಾ ಪಿಯು.

ಅರಗು ಅಂದ್ರೆ ನಮ್ಮದೇ ಅರಗು. ದುರ್ಯೋಧನ ಪಾಂಡವರಿಗೆ ಕಟ್ಟಿಸಿದ ಅರಗಿನ ಮನೆ, ಪೋಸ್ಟಾಫೀಸಿನ ಪಾರ್ಸಲ್ ಮೇಲಿನ ಕೆಂಪು ಮುದ್ರೆ, ಚನ್ನಪಟ್ಟಣದ ಬೊಂಬೆ ಮೇಲಿನ ಹೊಳಪು, ಎಲ್ಲಾ ಅದೇ. ಒಂದು ಚಿಕ್ಕ ಹುಳು ಮುತ್ತುಗ, ಎಲಚಿ ಥರದ ಮರದ ಕೊಂಬೆ ಮೇಲೆ ಬಿಡೋ ಅಂಟು. ನಮ್ಮ ಮೈಸೂರಲ್ಲಿ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಹೆಸರಲ್ಲೇ ಈ ಅರಗಿದೆ. ಈಗ ಅದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್. ಮೊದಲ ಸಲ ವೋಟ್ ಹಾಕಿ ಬೆರಳ ಫೋಟೋ ಹಾಕಿದ್ರಲ್ಲ ನೀವೆಲ್ಲ, ಆ ಶಾಯಿ ಬರೋದು ಅಲ್ಲಿಂದ.

ಈಗ ಮುಖ್ಯ ಮಾತು. ಅರಗಿನ ಪಾಲಿಶ್ ಸ್ಪಿರಿಟಲ್ಲಿ ಯಾವಾಗ ಬೇಕಾದ್ರೂ ಮತ್ತೆ ಕರಗುತ್ತೆ. ಅಂದ್ರೆ 40 ವರ್ಷದ ಹಿಂದಿನ ಕೋಟಿನ ಮೇಲೆ ಇವತ್ತು ಹೊಸ ಕೋಟು ಎಳೆದ್ರೆ, ಹೊಸದರಲ್ಲಿರೋ ಸ್ಪಿರಿಟ್ ಹಳೇದನ್ನ ಸ್ವಲ್ಪ ಕರಗಿಸಿ ಎರಡೂ ಒಂದಾಗುತ್ತೆ. ಕೆರೆಯೋ ಅಗತ್ಯವೇ ಇಲ್ಲ! ಹಳೇ ಮೇಸ್ತ್ರಿಗಳು ಹಾಕಿದ್ದನ್ನ ಕಿತ್ತು ಬಿಸಾಕಿ ಶುರು ಮಾಡಿ ಅಂತ ರೀಲಲ್ಲಿ ಹೇಳೋರಿಗೆ ಇದು ಗೊತ್ತಿಲ್ಲ, ಅಥವಾ ಗೊತ್ತಿದ್ರೂ ಕೆರೆಯೋ ವಿಡಿಯೋಗೆ ವ್ಯೂಸ್ ಜಾಸ್ತಿ.

ಮಾಡೋ ರೀತಿ: ಅರಗಿನ ಚಕ್ಕೆಯನ್ನ ರಾತ್ರಿ ಸ್ಪಿರಿಟಲ್ಲಿ ನೆನೆಹಾಕಿ, ಬೆಳಿಗ್ಗೆ ಬಟ್ಟೇಲಿ ಸೋಸಿ. ಹತ್ತಿ ಉಂಡೆಯನ್ನ ಅಜ್ಜನ ಹಳೇ ಪಂಚೆ ತುಂಡಲ್ಲಿ ಸುತ್ತಿ, ಅದ್ದಿ, ಮರದ ಎಳೆ ಹೋದ ದಿಕ್ಕಲ್ಲಿ ಒಂದೇ ಸಲ ಎಳೀರಿ. ಹಿಂದೆ ಬರಬೇಡಿ, ಮಧ್ಯೆ ನಿಲ್ಲಬೇಡಿ. ಒಣಗಲಿ. ಮತ್ತೆ. ಮತ್ತೆ. ತೆಳ್ಳಗೆ ಹತ್ತು ಸಲ, ದಪ್ಪಗೆ ಒಂದು ಸಲ ಅಲ್ಲ. ದೇವರ ದೀಪ, ಸ್ಟೌವ್ ಯಾವುದೂ ಹತ್ರ ಇರಬಾರದು, ಅರಗಿನ ಮನೆ ಕಥೆ ನೆನಪಿರಲಿ. ಮಳೆಗಾಲದಲ್ಲಿ ಮಾಡಬೇಡಿ, ಗಾಳಿಯಲ್ಲಿ ತೇವ ಇದ್ರೆ ಪಾಲಿಶ್ ಬೆಳ್ಳಗೆ ಮಂಕಾಗುತ್ತೆ. ಸಂಕ್ರಾಂತಿ ಕಳೆದು ಯುಗಾದಿ ಬರೋವರೆಗಿನ ಒಣ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು. ಪರೀಕ್ಷೆನೂ ಆಗಲೇ ಇರುತ್ತೆ, ಗೊತ್ತು.

ಪಾಲಿಶ್ ಚೆನ್ನಾಗೇ ಇದ್ದು ಬರೀ ಮಂಕಾಗಿದ್ರೆ ಅದೂ ಬೇಡ. ಜೇನುಮೇಣ ತುರಿದು, ಮುಚ್ಚಳದ ಬಾಟಲಿಯಲ್ಲಿ ಟರ್ಪೆಂಟೈನ್ ಜೊತೆ ಒಂದು ರಾತ್ರಿ ಇಟ್ರೆ ಬೆಣ್ಣೆ ಥರ ಆಗುತ್ತೆ. ಒಲೆ ಮೇಲೆ ಮಾತ್ರ ಇಡಬೇಡಿ. ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಮುಗೀತು.

(6/8)

ಅಜ್ಜಿ ಹೇಳಿದ್ದನ್ನ ನಾನು ಆಗ ಪೂರ್ತಿ ಅರ್ಥ ಮಾಡ್ಕೊಂಡಿರ್ಲಿಲ್ಲ, ಟೇಬಲ್ ತೊಳೆದಾಗ ಗೊತ್ತಾಯ್ತು. ಜಿಡ್ಡು ಹೋದ ಮೇಲೆ ಒಂದು ಉದ್ದ ಅಂಚಿನಲ್ಲಿ ಸಣ್ಣ ಸಣ್ಣ ಗೆರೆ ಕಂಡ್ವು, ಚಾಕುವಲ್ಲಿ ಕೊರೆದಿದ್ದು. ಎಣಿಸಿದೆ. ಒಂದು ಗಜಕ್ಕೆ 36. ಅಜ್ಜ ಟೇಪು ಹುಡುಕದೇ ಬಟ್ಟೆ ಅಳೆಯೋಕೆ ಟೇಬಲ್ಲಿಗೇ ಇಂಚುಪಟ್ಟಿ ಮಾಡ್ಕೊಂಡಿದ್ರು. ಅಜ್ಜಿ ಬಂದು ಬೆರಳಾಡಿಸಿ, "ಹದಿನೆಂಟನೇದು ಒಂಚೂರು ಆಚೆ ಹೋಗಿದೆ ನೋಡು. ಅದನ್ನ ನೆನಪಲ್ಲಿಟ್ಕೊಂಡೇ ಕತ್ತರಿಸ್ತಿದ್ರು" ಅಂದ್ರು. ನೋಡಿದ್ರೆ ಹೌದು, ಆಚೆ ಹೋಗಿದೆ.

ಕಾಲು ನೋಡೋಕೆ ಬಂದಿದ್ದ ಆಚಾರ್ರು, "ಹತ್ತರಿ ಹೊಡೆದ್ರೆ ಅರ್ಧ ಗಂಟೇಲಿ ಕನ್ನಡಿ ಥರ ಮಾಡ್ಕೊಡ್ತೀನಮ್ಮ" ಅಂದ್ರು. ಪ್ರೀತಿಯಿಂದಲೇ ಹೇಳಿದ್ದು. ನಾನು ಬೇಡ ಅಂದೆ. ಯೋಚನೆ ಮಾಡಿ, ಅರ್ಧ ಗಂಟೆ. ಅಷ್ಟರಲ್ಲಿ 36 ಗೆರೆ ಹೋಗ್ತಿತ್ತು, ಕೆಂಡದ ಇಸ್ತ್ರಿ ಪೆಟ್ಟಿಗೆ ಕೂತು ಸುಟ್ಟ ಮೂಲೆಯ ಕಲೆ ಹೋಗ್ತಿತ್ತು, ಅಜ್ಜನ ಎಡಗೈ ದಿನಾ ಊರಿ ಊರಿ ಸವೆದ ಜಾಗ ಹೋಗ್ತಿತ್ತು. ಉಳೀತಿದ್ದದ್ದು ಒಳ್ಳೇ ತೇಗದ ಹಲಗೆ. ಅದು ಸಾಮಿಲ್ಲಲ್ಲೂ ಸಿಗುತ್ತೆ.

ಕ್ಲಾಸ್‌ಮೇಟ್ ಒಬ್ಬಳು ಹೇಳಿದ್ಲು, "ನಿನ್ನ ಟೇಬಲ್ ನಿನ್ನಿಷ್ಟ, ನನ್ನ ಟೇಬಲ್ ನನ್ನಿಷ್ಟ, ಬಿಳಿ ಬಣ್ಣ ಹೊಡೆದ್ರೆ ನಿಂಗೇನು?" ಸರಿಯಾದ ಪ್ರಶ್ನೆ. ನನ್ನ ಉತ್ತರ: ಇವತ್ತು ಪೇಂಟ್ ಹೊಡೀದಿದ್ರೆ ನಾಳೆ ಹೊಡೀಬಹುದು, ನಾಡಿದ್ದೂ ಹೊಡೀಬಹುದು. ಇವತ್ತು ಕೆರೆದದ್ದನ್ನ ನಾಳೆ ಅಂಟಿಸೋಕಾಗಲ್ಲ. ನಮ್ಮ ವಯಸ್ಸಲ್ಲಿ ನಮಗೆ ಯಾವ ಗುರುತು ಬೇಕು, ಯಾವುದು ಬೇಡ ಅಂತ ಗೊತ್ತಿರಲ್ಲ. ಹೇಳೋರು ಮನೇಲಿ ಇರೋವಾಗ ಕೇಳಿ, ಆಮೇಲೆ ಪೇಪರ್ ಹಿಡೀರಿ.

ಹಾಗಂತ ಎಲ್ಲಾನೂ ಉಳಿಸಿ ಅಂತ ಅಲ್ಲ. ಬಟ್ಟೆಗೆ ಸಿಕ್ಕಿಕೊಳ್ಳೋ ಸೀಳು, ಅಲ್ಲಾಡೋ ಕಾಲು, ಹುಳ ಬಿದ್ದ ಹಲಗೆ, ಇವು ನೆನಪಲ್ಲ, ಕಾಯಿಲೆ. ಸರಿ ಮಾಡ್ಲೇಬೇಕು.

(7/8)

ಕಾಯಿಲೆಗಳ ಬಗ್ಗೆ ಬೇಗ ಬೇಗ.

ಅಲ್ಲಾಡೋ ಕಾಲು: ಮೊಳೆ ಹೊಡೀಬೇಡಿ, ಮರ ಸೀಳುತ್ತೆ. ಸಂದನ್ನ ಮೆಲ್ಲಗೆ ಬಿಚ್ಚಿ, ಒಳಗಿನ ಹಳೇ ಅಂಟನ್ನ ಪೂರ್ತಿ ಕೆರೆದು (ಇಲ್ಲಿ ಮಾತ್ರ ಕೆರೀಬೇಕು!), ಫೆವಿಕಾಲ್ ಹಚ್ಚಿ ಮತ್ತೆ ಕೂರಿಸಿ. ಕ್ಲಾಂಪ್ ಇಲ್ವಾ? ಬಟ್ಟೆ ಒಣಗಿಸೋ ಹಗ್ಗವನ್ನ ಕಾಲುಗಳ ಸುತ್ತ ಎರಡು ಸುತ್ತು ಕಟ್ಟಿ, ಮಧ್ಯೆ ಒಂದು ಕೋಲು ತೂರಿಸಿ ತಿರುಚಿ. ಬಿಗಿ ಹಿಡಿಯುತ್ತೆ. ಒಂದು ದಿನ ಮುಟ್ಟಬೇಡಿ.

ಹುಳು: ಸಣ್ಣ ತೂತುಗಳ ಕೆಳಗೆ ಹಿಟ್ಟಿನಂಥ ಹೊಸ ಹುಡಿ ಬೀಳ್ತಿದ್ರೆ ಒಳಗೆ ಇನ್ನೂ ಜೀವ ಇದೆ. ಅಂಥ ಟೇಬಲ್ಲನ್ನ ಬೇರೆ ಮರದ ಸಾಮಾನಿನ ಪಕ್ಕ ಇಡಬೇಡಿ. ಔಷಧಿ ಹೊಡೆಸಿದ ಮೇಲೇ ಒಳಗೆ ತನ್ನಿ.

ಇನ್ನು ನಿಜವಾಗ್ಲೂ ಅಪಾಯ ಇರೋ ಎರಡು ವಿಷಯ. ಇದನ್ನ ರೀಲಲ್ಲಿ ಯಾರೂ ಹೇಳಲ್ಲ, ಅದಕ್ಕೇ ನಂಗೆ ಸಿಟ್ಟು.

ಒಂದು, ಹಳೇ ಪೇಂಟು. ನಮ್ಮ ದೇಶದಲ್ಲಿ ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ಬಂದಿದ್ದು 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಹಸಿರು, ಹಳದಿ, ಕೆಂಪು ಪೇಂಟಿನ ಟೇಬಲ್ಲಲ್ಲಿ ಸೀಸ ಇರಬಹುದು ಅಂತಲೇ ಅಂದ್ಕೊಳ್ಳಿ. ಒಣಗಿರೋ ಪೇಂಟನ್ನ ಉಜ್ಜಿದ್ರೆ ಆ ಹುಡಿ ನಿಮ್ಮ ಶ್ವಾಸಕ್ಕೆ, ನೆಲಕ್ಕೆ, ಅಂಬೆಗಾಲಿಡೋ ಮಗುವಿನ ಬಾಯಿಗೆ. ಮನೇಲಿ ಚಿಕ್ಕ ಮಕ್ಕಳಿದ್ರೆ ಆ ಕೆಲಸ ಮುಟ್ಟಲೇಬೇಡಿ. ಬರೀ ಮರ ಉಜ್ಜೋವಾಗ್ಲೂ ಮಾಸ್ಕ್ ಹಾಕ್ಕೊಳ್ಳಿ, ತೇಗದ ಹುಡಿ ಮೂಗು ಗಂಟಲು ಕೆರೆಸುತ್ತೆ.

ಎರಡು, ಅಗಸೆ ಎಣ್ಣೆ. ಮರಕ್ಕೆ ಹಚ್ಚೋಕೆ ಒಳ್ಳೇದೇ, ಗಾಳಿ ತಾಗಿ ಗಟ್ಟಿಯಾಗುತ್ತೆ. (ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಹಾಗೆ ಗಟ್ಟಿ ಆಗಲ್ಲ, ಜಿಡ್ಡಾಗಿ ಧೂಳು ಹಿಡಿಯುತ್ತೆ.) ಆದ್ರೆ ಗಟ್ಟಿಯಾಗೋವಾಗ ಶಾಖ ಹುಟ್ಟುತ್ತೆ. ಎಣ್ಣೆ ಒರೆಸಿದ ಬಟ್ಟೆಯನ್ನ ಮುದ್ದೆ ಮಾಡಿ ಮೂಲೆಗೆ ಎಸೆದ್ರೆ ಕಡ್ಡಿ ಗೀರದೇನೇ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ತಮಾಷೆ ಮಾಡ್ತಿಲ್ಲ. ಹೊರಗೆ ಬಿಡಿಸಿ ಒಣಗಿಹಾಕಿ, ಇಲ್ಲಾಂದ್ರೆ ನೀರಲ್ಲಿ ಮುಳುಗಿಸಿ ಇಡಿ.

(8/8)

ಉಜ್ಜಲೇಬೇಕು ಅಂತ ಬಂದಾಗ ಉಜ್ಜಿ. ವಾರ್ನಿಶ್ ಚಕ್ಕೆ ಚಕ್ಕೆಯಾಗಿ ಏಳ್ತಿದ್ರೆ ಬೇರೆ ದಾರಿ ಇಲ್ಲ. ಪಾಲಿಶ್ ಪೇಪರ್ 120ರಲ್ಲಿ ಶುರು, 180, ಆಮೇಲೆ 220. ಚಪ್ಪಟೆ ಮರದ ತುಂಡಿಗೆ ಸುತ್ತಿ, ಎಳೆ ಹೋದ ದಿಕ್ಕಲ್ಲೇ. ಅಡ್ಡ ಉಜ್ಜಿದ ಗೀರು ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತೆ.

ಬಿಳಿ ಪೇಂಟು ಹೊಡೀಲೇಬೇಕು ಅನ್ನೋರಿಗೂ ಟೇಬಲ್ ಇದೆ. ಆಫೀಸು ಖಾಲಿ ಮಾಡೋವಾಗ ಬಿಸಾಕೋ ಪ್ಲೈವುಡ್ ಟೇಬಲ್ಲು, ಪ್ಯಾಕಿಂಗ್ ಮರದ್ದು, ಹೆಸರಿಲ್ಲದ್ದು. ಅದಕ್ಕೆ ಬಿಳಿ ಹೊಡೀರಿ, ಗುಲಾಬಿ ಹೊಡೀರಿ, ನಾನೇ ಬಂದು ಬ್ರಷ್ ಹಿಡೀತೀನಿ.

ಆಮೇಲೆ ದುಡ್ಡಿನ ವಿಷಯ. ನಮ್ಮಂಥವರು ಮನೇಲೇ ಮಾಡಿದ್ರೆ ಪಾಲಿಶ್ ಮೇಸ್ತ್ರಿಗಳ ಹೊಟ್ಟೆ ಮೇಲೆ ಹೊಡೆದ ಹಾಗಲ್ವಾ ಅಂತ ಒಬ್ಬರು ಕಾಮೆಂಟ್ ಹಾಕಿದ್ರು. ನನಗೇನೋ ತದ್ವಿರುದ್ಧ ಅನ್ನಿಸುತ್ತೆ. ಅರಗಿನ ಪಾಲಿಶ್ ಗೊತ್ತಿರೋ ಮೇಸ್ತ್ರಿಗಳು ಈಗ ಲ್ಯಾಮಿನೇಟ್ ಅಂಟಿಸೋ ಕೆಲಸಕ್ಕೆ ಹೋಗ್ತಿದಾರೆ, ಯಾಕಂದ್ರೆ ನಾವು ಹಳೇ ಟೇಬಲ್ಲನ್ನೆಲ್ಲ ಗುಜರಿಗೆ ಹಾಕ್ತಿದೀವಿ. ನಾನು ಪಂಚೆ ಉಂಡೆ ಎಳೆಯೋದನ್ನ ಕಲಿತಿದ್ದು ಅಂಥ ಒಬ್ಬರಿಂದ, ಒಂದು ದಿನದ ಪೂರ್ತಿ ಕೂಲಿ ಕೊಟ್ಟು. ನೀವೂ ಹಾಗೇ ಮಾಡಿ. ಚೌಕಾಸಿ ಮಾಡ್ಬೇಡಿ, ಟ್ಯೂಷನ್ ಫೀಸಿಗೆ ಚೌಕಾಸಿ ಮಾಡ್ತೀವಾ? ವಿಡಿಯೋ ತೆಗೆಯೋ ಮೊದ್ಲು ಅವರನ್ನ ಕೇಳಿ.

"ಹುಡುಗೀರಿಗ್ಯಾಕಮ್ಮ ಆಚಾರಿ ಕೆಲಸ" ಅಂದೋರಿಗೆ ಪ್ರತ್ಯೇಕ ಪೋಸ್ಟ್ ಬರುತ್ತೆ, ಕಾಯ್ತಾ ಇರಿ.

ನಿಮ್ಮನೆ ಟೇಬಲ್ ಇದ್ರೆ ಡಿಎಂ ಮಾಡಿ. ಅಂಚಿನ ಫೋಟೋ ಒಂದು, ಅಡಿಯ ಫೋಟೋ ಒಂದು, ಮೇಲಿಂದು ಬೇಡ. ಜೊತೆಗೆ ಅದನ್ನ ಮನೇಲಿ ಯಾರು ಬಳಸ್ತಿದ್ರು ಅಂತ ಒಂದು ಸಾಲು ಬರೆದು ಕಳ್ಸಿ. ಶುಕ್ರವಾರ ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್ ಇದೆ, ರಿಪ್ಲೈ ಅದಾದ್ಮೇಲೆ.

#ಹಳೇಟೇಬಲ್ #ಅರಗು #ಕೈಕೆಲಸ #ಗುಜರಿಗೆಹಾಕ್ಬೇಡಿ